ಗೇಟಿನಲ್ಲಿ ಕಳಚುವ ಕೋಟು

ನಮ್ಮ ಅಕ್ಕನ ಕೋಟಿನ ಬಣ್ಣ ನೇರಳೆ. ಎದೆಯ ಎಡಗಡೆ ಬಿಳಿ ದಾರದಲ್ಲಿ 'ಮನೆ ಆರೈಕೆ' ಎಂದು ಹೊಲಿಸಿದ್ದಾಳೆ, ಅದರ ಕೆಳಗೆ ಅವಳ ಫೋನ್ ನಂಬರು. ಬಣ್ಣ ಆರಿಸಿದವಳು ಅಕ್ಕನ ಮಗಳು. ಬೀದಿಯ ಆ ತುದಿಯಿಂದ ನೋಡಿದರೂ ಕಣ್ಣಿಗೆ ಹೊಡೆಯಬೇಕು ಎಂಬುದು ಅವಳ ಲೆಕ್ಕಾಚಾರ. ಹಾಗೆ ಕಣ್ಣಿಗೆ ಹೊಡೆಯಲಿ ಎಂದೇ ಹೊಲಿಸಿದ ಕೋಟನ್ನು, ಅಕ್ಕನ ಜೊತೆ ಮನೆಮನೆಗೆ ಮುದುಕರ ಆರೈಕೆಗೆ ಹೋಗುವ ನಮ್ಮ ಹೆಂಗಸರು ಅಪಾರ್ಟ್‌ಮೆಂಟಿನ ಗೇಟು ಬರುತ್ತಲೇ ಬಿಚ್ಚಿ, ಮಡಚಿ, ಚೀಲದ ತಳಕ್ಕೆ ತುರುಕಿ, ಮೇಲೆ ಊಟದ ಡಬ್ಬಿ ಇಟ್ಟು ಒಳಗೆ ಹೋಗುತ್ತಿದ್ದರು. ಕದ್ದ ಮಾಲು ಸಾಗಿಸುವವರ ಹಾಗೆ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಓದಿದ್ದು ಕಡಿಮೆ, ನನಗೆ ಸಿಟ್ಟು ಜಾಸ್ತಿ. ಎಲ್ಲಾದರೂ ಮಾತು ಒರಟಾದರೆ ಅಕ್ಕನ ಮುಖ ನೋಡಿ ಸಹಿಸಿಕೊಳ್ಳಿ. ಅವಳ ಬಗ್ಗೆ ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮಮ್ಮ ಹಾಸಿಗೆ ಹಿಡಿದಾಗ ಅಕ್ಕ ಇನ್ನೂ ಎರಡು ಜಡೆಯ ಹುಡುಗಿ. ಶಾಲೆ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಹಾಸಿಗೆ ಬಟ್ಟೆಯ ಅಂಚು ಹಿಡಿದು ಅಮ್ಮನನ್ನು ಒಬ್ಬಳೇ ಮಗ್ಗುಲಿಗೆ ಹೊರಳಿಸುವುದನ್ನು ತಾನೇ ಕಲಿತಳು. ನನ್ನ ಕೆಲಸ ಆ ಕಡೆ ನಿಂತು, ಅಮ್ಮ ಕೆಳಗೆ ಬೀಳದ ಹಾಗೆ ಮೊಣಕಾಲು ಅಡ್ಡ ಇಡುವುದು. ಅಮ್ಮ ಹೋದ ಮೇಲೆ ಅಕ್ಕ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆದಳು. ಮದುವೆಯಾಯಿತು, ಮಗಳು ಹುಟ್ಟಿದಳು, ಭಾವ ತೀರಿಕೊಂಡರು. ನಾನು ಆಗ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿದ್ದೆ. ಬೀರು, ಮಂಚ, ಫ್ರಿಜ್ಜು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುವುದು ನನ್ನ ಕಸುಬು. ತಿರುವಿನಲ್ಲಿ ಗೋಡೆಗೆ ತಾಗದ ಹಾಗೆ ಬೀರುವನ್ನು ತಿರುಗಿಸುವುದು ನನಗೆ ಗೊತ್ತು. ಮುಂದೆ ಅದೇ ಅಕ್ಕನ ಉಪಯೋಗಕ್ಕೆ ಬಂತು, ಬೀರುವಿನ ಜಾಗಕ್ಕೆ ಮುದುಕರು ಬಂದರು ಅಷ್ಟೇ.

ನರ್ಸಿಂಗ್ ಹೋಮಿನಿಂದ ಮನೆಗೆ ಹೋದ ಒಬ್ಬ ಮುದುಕಿಯನ್ನು ನೋಡಿಕೊಳ್ಳಲು ಆ ಮನೆಯ ಸೊಸೆ ಅಕ್ಕನನ್ನು ಕರೆದಳು. ಅದೇ ಮೊದಲ ಮನೆ. ಬಾಗಿಲಲ್ಲೇ ನಿಲ್ಲಿಸಿ ಆ ಸೊಸೆ ದನಿ ತಗ್ಗಿಸಿ ಹೇಳಿದಳಂತೆ.

"ನೋಡಿ, ಅಕ್ಕಪಕ್ಕದವರು ಕೇಳಿದ್ರೆ ನಮ್ಮ ಕಡೆಯವರು ಅಂತ ಹೇಳಿ. ದೂರದ ಅತ್ತೆ ಅನ್ನಿ. ಇಲ್ದಿದ್ರೆ ಸೊಸೆ ಅತ್ತೇನ ನೋಡ್ಕೊಳ್ಳೋಕೆ ಜನ ಇಟ್ಟಿದಾಳೆ ಅಂತ ಮಾತಾಡ್ತಾರೆ."

ಅಕ್ಕ, "ಆಗ್ಲಿ ಬಿಡಿ, ನಂಗೇನು" ಅಂದಳು.

ಆ 'ಆಗ್ಲಿ ಬಿಡಿ' ನಮ್ಮ ಕುತ್ತಿಗೆಗೆ ಉರುಳಾಯಿತು. ಎರಡನೆಯ ಮನೆಯವರೂ ಅದನ್ನೇ ಕೇಳಿದರು, ಮೂರನೆಯವರೂ. ಅಕ್ಕ ಇನ್ನಷ್ಟು ಹೆಂಗಸರಿಗೆ ಕೆಲಸ ಕಲಿಸಿ ಕಳಿಸತೊಡಗಿದ ಮೇಲೆ ಅದು ಪದ್ಧತಿಯೇ ಆಗಿಹೋಯಿತು. ಕೆಲಸ ಕಲಿಯಲು ಬಂದವಳಿಗೆ ಹೊರಳಿಸುವುದು, ತೊಳೆಯುವುದು, ತಿನ್ನಿಸುವುದು ಹೇಳಿಕೊಟ್ಟ ಮೇಲೆ ಕೊನೆಗೆ ಸಂಬಂಧ ಹೇಳಿಕೊಡುವುದು. "ನೀನು ಆ ಮನೇಲಿ ಚಿಕ್ಕಮ್ಮ. ನೀನು ಈ ಮನೇಲಿ ಅತ್ತಿಗೆಯ ತಂಗಿ."

ನಾವು ಹೆಚ್ಚು ಹೋಗುತ್ತಿದ್ದುದು ಒಂದೇ ದೊಡ್ಡ ಅಪಾರ್ಟ್‌ಮೆಂಟಿಗೆ. ಅದರ ಗೇಟಿನಲ್ಲಿ ಒಬ್ಬ ವಾಚ್‌ಮನ್ ಇದ್ದಾನೆ, ಮಾತಿನಲ್ಲಿ ಮಹಾ ಕಿಲಾಡಿ. ನಮ್ಮಲ್ಲಿ ಉದ್ದಮ್ಮ ಎಂದು ಎಲ್ಲರೂ ಕರೆಯುವ ಒಬ್ಬಳಿದ್ದಾಳೆ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಅವಳು ಬೆಳಿಗ್ಗೆ ಒಂದು ಮನೆಗೆ, ಮಧ್ಯಾಹ್ನ ಇನ್ನೊಂದಕ್ಕೆ ಹೋಗುತ್ತಿದ್ದಳು. ವಾಚ್‌ಮನ್ ಒಂದು ದಿನ ಅವಳನ್ನು ತಡೆದು ಕೇಳಿದ.

"ಏನಮ್ಮಾ, ಬೆಳಿಗ್ಗೆ ಸೋದರತ್ತೆ ಅಂದ್ರಿ. ಈಗ ದೊಡ್ಡಮ್ಮ ಅಂತೀರ. ಸಾಯಂಕಾಲಕ್ಕೆ ಏನಾಗ್ತೀರ?"

"ಸಾಯಂಕಾಲಕ್ಕೆ ಮನೆಗೆ ಹೋಗ್ತೀನಪ್ಪ. ಅಲ್ಲಿ ಯಾರೂ ನನ್ನ ಏನೂ ಅನ್ನಲ್ಲ, ಊಟ ಎಲ್ಲಿ ಅಂತಾರೆ ಅಷ್ಟೇ."

"ಇಡೀ ಅಪಾರ್ಟ್‌ಮೆಂಟೇ ನಿಮ್ಮ ನೆಂಟರದ್ದು ಬಿಡಿ. ನನಗೂ ಏನಾದ್ರೂ ಆಗಿ, ತಂಗಿಯಾದ್ರೂ ಆಗಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗೇಟಿನ ಪಕ್ಕ ಜನರೇಟರ್ ಇಡುವ ಶೆಡ್ಡಿದೆ. ಅದರ ಹಿಂದೆ ನಿಂತು ಆ ಹೆಂಗಸರು ಕೋಟು ಬಿಚ್ಚುತ್ತಿದ್ದರು. ಡೀಸೆಲ್ ವಾಸನೆ, ನೆಲದ ಮೇಲೆ ಎಣ್ಣೆಯ ಕಲೆ. ಮರ್ಯಾದೆಯ ಕೆಲಸ ಮಾಡಲು ಹೋಗುವವರು ಮರೆಯಲ್ಲಿ ನಿಂತು ಬಟ್ಟೆ ಬದಲಾಯಿಸಬೇಕೇ?

ಅಕ್ಕನ ಮಗಳು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಚುರುಕು ಹುಡುಗಿ, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಪ್ರಚಾರದ ಕೆಲಸ ಅವಳದ್ದು. ಗೋಡೆಗೆ ಚೀಟಿ ಅಂಟಿಸಿದರೆ ಯಾರೂ ಓದುವುದಿಲ್ಲ, ಈಗ ಜನ ಇರುವುದೆಲ್ಲ ಮೊಬೈಲಿನ ಗ್ರೂಪುಗಳಲ್ಲಿ ಎಂದು ಹೇಳಿ, ಗುರುತಿದ್ದವರನ್ನು ಕಾಡಿ ಬೇಡಿ ಅಕ್ಕನನ್ನು ಸುತ್ತಲಿನ ಬಡಾವಣೆಗಳ ಗ್ರೂಪುಗಳಿಗೆಲ್ಲ ಸೇರಿಸಿದಳು. ಆ ದೊಡ್ಡ ಅಪಾರ್ಟ್‌ಮೆಂಟಿನ ಗ್ರೂಪಿಗೂ ಸೇರಿಸಿದಳು. ಅದಕ್ಕೊಬ್ಬ ಅಡ್ಮಿನ್, ಯಾವುದೋ ಕಚೇರಿಯಿಂದ ನಿವೃತ್ತಿಯಾದ ಸಾಹೇಬರು. ಕಚೇರಿಯಲ್ಲಿ ಬಿಟ್ಟುಬಂದ ದರ್ಪವನ್ನೆಲ್ಲ ಗ್ರೂಪಿನಲ್ಲಿ ತೀರಿಸಿಕೊಳ್ಳುತ್ತಿದ್ದರು. ಜಾಹೀರಾತು ಭಾನುವಾರ ಮಾತ್ರ. ನೀರಿನ ಟ್ಯಾಂಕಿನ ವಿಷಯಕ್ಕೆ ಬೇರೆ ಗ್ರೂಪು. ನಾಯಿಗಳ ವಿಷಯ ಎತ್ತಲೇಬಾರದು.

ಭಾನುವಾರ ಮಾತ್ರ ಅಂದರೆ ಭಾನುವಾರ ಸಂತೆ. ಸೋಫಾ ತೊಳೆಯುವವರು, ಕೇಕ್ ಮಾಡುವವರು, ಯೋಗದವರು, ಇಲಿ ಹಿಡಿಯುವವರು, ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಿದ್ದರು. ಅದರಲ್ಲಿ ನಮ್ಮ ನೇರಳೆ ಪೋಸ್ಟರ್ ಯಾರ ಕಣ್ಣಿಗೆ ಬೀಳಬೇಕು? ಆಗ ಮಗಳು ಒಂದು ಉಪಾಯ ಹೇಳಿದಳು.

"ಅಮ್ಮಾ, ನೀನು ಜಾಹೀರಾತು ಹಾಕ್ಬೇಡ. ದಿನಾ ಬೆಳಿಗ್ಗೆ ಒಂದು ಮಾತು ಹೇಳು. ನಮಗೆ ಹೇಳಿಕೊಡ್ತೀಯಲ್ಲ, ಹಂಗೆ. ನಿನ್ನ ದನಿ ಕೇಳಿದ್ರೆ ಸಾಕು."

"ನಂಗೇನು ಬರುತ್ತೆ, ನಾನೇನು ಡಾಕ್ಟ್ರಾ?"

"ಡಾಕ್ಟ್ರು ಹೇಳೋದನ್ನ ಡಾಕ್ಟ್ರು ಹೇಳ್ಲಿ. ನೀನು ದಿಂಬಿನ ವಿಷಯ ಹೇಳು."

ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕುಕ್ಕರ್ ಕೂಗುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಫೋನಿನೊಳಗೆ ಮಾತಾಡುತ್ತಿದ್ದಳು. "ಎಲ್ಲರಿಗೂ ನಮಸ್ಕಾರ. ಮಲಗಿದವರ ಹಿಮ್ಮಡಿ ಕೆಳಗೆ ದಿಂಬು ಇಡ್ಬೇಡಿ. ಮೀನಖಂಡದ ಕೆಳಗೆ ಇಡಿ, ಹಿಮ್ಮಡಿ ಹಾಸಿಗೆಗೆ ತಾಗದೆ ತೇಲಾಡ್ಲಿ." ಇನ್ನೊಂದು ದಿನ, "ಊಟ ಆದ ತಕ್ಷಣ ಮಲಗಿಸ್ಬೇಡಿ, ಸ್ವಲ್ಪ ಹೊತ್ತು ಒರಗಿಸಿ ಕೂರ್ಸಿ, ಮಾತಾಡ್ಸಿ. ಮಾತು ಬರದವರನ್ನೂ ಮಾತಾಡ್ಸಿ, ಕಿವಿ ಇರುತ್ತಲ್ಲ." ಇಷ್ಟೇ. ಕೊನೆಯಲ್ಲಿ ನಂಬರು ಹೇಳುತ್ತಿರಲಿಲ್ಲ. ಜನಕ್ಕೆ ಹಿಡಿಸಿತು. ಕೈ ಮುಗಿದ ಚಿತ್ರಗಳು ಬಂದವು. ಯಾರ ಮನೆಯಲ್ಲಾದರೂ ಯಾರಾದರೂ ಬಿದ್ದರೆ ಮೊದಲು ಅಕ್ಕನಿಗೆ ಫೋನು. ಹೊಸ ಹೊಸ ಮನೆಗಳು ಸಿಕ್ಕವು. ಆ ನಂಬಿಕೆಯ ಮೇಲೆ ಅಕ್ಕ ಮತ್ತಷ್ಟು ಹೆಂಗಸರನ್ನು ಸೇರಿಸಿಕೊಂಡು ಕೆಲಸ ಕಲಿಸಿದಳು. ಗಂಡ ಬಿಟ್ಟವಳು ಒಬ್ಬಳು, ಗಾರ್ಮೆಂಟ್ಸ್ ಮುಚ್ಚಿ ಕೆಲಸ ಕಳೆದುಕೊಂಡವಳು ಇನ್ನೊಬ್ಬಳು, ಹೀಗೆ. ಅವರೆಲ್ಲ ಮುಂದಿನ ಫೋನು ಯಾವಾಗ ಬರುತ್ತದೆಂದು ಕಾಯುತ್ತಿದ್ದರು. ಆ ಫೋನು ಬರುವುದು ಆ ಗ್ರೂಪಿನಿಂದಲೇ.

ಈಗ ಪಿತೃಭಕ್ತನ ವಿಷಯಕ್ಕೆ ಬರುತ್ತೇನೆ. ಆ ಹೆಸರು ನಾನೇ ಇಟ್ಟದ್ದು. ಮೂರನೆಯ ಮಹಡಿಯಲ್ಲಿ ಅವನ ಮನೆ, ಒಳ್ಳೆಯ ಉದ್ಯೋಗ, ಇಸ್ತ್ರಿ ಕೆಡದ ಅಂಗಿ. ಅವನ ತಂದೆಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತು ಒಂದೊಂದೇ ತೊದಲಿ ಬರುತ್ತದೆ. ಅವರನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಉದ್ದಮ್ಮ. ಅವಳು ಒರಗಿಸಿ ಕೂರಿಸಿದರೆ ಮಾತ್ರ ಆ ಮುದುಕರು ಬಾಯಿ ತೆರೆಯುತ್ತಿದ್ದರು. ಲಿಫ್ಟು ಕೆಟ್ಟಾಗಲೆಲ್ಲ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಬೆನ್ನು ಹಿಡಿದು, ಮೆಟ್ಟಿಲು ಇಳಿಸಿ ಆಸ್ಪತ್ರೆಗೆ ಕಳಿಸುತ್ತಿದ್ದವನು ನಾನು. ಒಮ್ಮೆಯೂ ಅವನು ಕುರ್ಚಿಗೆ ಕೈ ಹಾಕಲಿಲ್ಲ. ಮುಂದೆ ಮುಂದೆ ಹೋಗುತ್ತ, "ಹುಷಾರು, ಹುಷಾರು" ಅನ್ನುತ್ತಿದ್ದ. ಗೋಡೆಗೆ ಹೇಳುತ್ತಿದ್ದನೋ ನನಗೋ ತಿಳಿಯದು.

ಅವನು ಗ್ರೂಪಿನಲ್ಲಿ ಆಗಾಗ ಫೋಟೋ ಹಾಕುತ್ತಿದ್ದ. ತಂದೆಯ ಬಾಯಿಗೆ ಚಮಚ ಹಿಡಿದ ಫೋಟೋ. ಕೆಳಗೆ, 'ಹೆತ್ತವರ ಸೇವೆಗಿಂತ ಮಿಗಿಲು ಯಾವುದಿದೆ' ಎಂದು ಬರಹ. ಎಲ್ಲರೂ ಹೃದಯದ ಗುರುತು ಒತ್ತುತ್ತಿದ್ದರು. ಅಕ್ಕನ ಮಗಳು ಒಂದು ದಿನ ಆ ಫೋಟೋ ನನ್ನ ಮುಂದೆ ಹಿಡಿದಳು.

"ಮಾಮ, ಅಂಚಲ್ಲಿ ನೋಡು."

ನೋಡಿದೆ. ಮುದುಕರ ಬೆನ್ನ ಹಿಂದೆ ಒಂದು ಮೊಣಕೈ. ಅದರ ಮೇಲೆ ಹಳೆಯ ಸುಟ್ಟ ಗಾಯ. ಉದ್ದಮ್ಮನ ಮೊಣಕೈ ಅದು. ಅವಳು ಹಿಂದಿನಿಂದ ಹಿಡಿದು ಕೂರಿಸಿದ್ದಾಳೆ, ಇವನು ಮುಂದಿನಿಂದ ಚಮಚ ತೋರಿಸಿದ್ದಾನೆ. ಫೋಟೋದಿಂದ ಅವಳನ್ನು ಕತ್ತರಿಸಿ ತೆಗೆದಿದ್ದಾನೆ, ಮೊಣಕೈ ಒಂದು ಕತ್ತರಿಗೆ ಸಿಗದೆ ಉಳಿದುಬಿಟ್ಟಿದೆ.

"ಇವನ ಮನೆ ಹಾಳಾಗ" ಅಂದೆ.

"ಅವನ ಮನೆ ಹಾಳಾದ್ರೆ ಆ ಅಜ್ಜನೂ ಅಲ್ಲೇ ಇರೋದು" ಅಂದಳು ಅಕ್ಕ, ಒಗೆದ ಕೋಟು ಹಿಂಡುತ್ತ. "ಬಾಯಿ ಬಿಡಬೇಡ. ಮನೆಯೊಳಗಿನ ಮಾತು ಹೊರಗೆ ಹೇಳಲ್ಲ ಅಂತ ಎಲ್ಲರಿಗೂ ಮಾತು ಕೊಟ್ಟಿದೀನಿ."

ಹೀಗಿರುವಾಗ ಒಂದು ಮಧ್ಯಾಹ್ನ ಆ ಗ್ರೂಪಿನಲ್ಲಿ ಒಬ್ಬ ಹೆಣ್ಣುಮಗಳು ಬರೆದಳು. ಹೊಸದಾಗಿ ಬಾಡಿಗೆಗೆ ಬಂದವಳು. ತಾಯಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಆಪರೇಷನ್ ಆಗಿದೆ, ನಾಳೆ ಮನೆಗೆ ಕಳಿಸುತ್ತಾರೆ, ಯಾರಾದರೂ ನಂಬಿಕಸ್ಥರು ಗೊತ್ತಿದ್ದರೆ ಹೇಳಿ ಎಂದು. ಅಕ್ಕ ತನ್ನ ದನಿಯಲ್ಲೇ ಹೇಳಿದಳು, ಗಾಬರಿಯಾಗಬೇಡಿ, ನಾನೇ ಬಂದು ನೋಡುತ್ತೇನೆ ಎಂದು. ಅದರ ಕೆಳಗೆ ಇನ್ನೊಬ್ಬರು ಕೇಳಿದರು. 'ಈ ಮೇಡಂ ದಿನಾ ಮಾತಾಡುತ್ತಾರೆ, ಸರಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಗಾದರೂ ಇವರ ಕಡೆಯವರು ಬರುತ್ತಾರಾ? ಅನುಭವ ಇದ್ದವರು ಹೇಳಿ.'

ಕೇಳಬೇಕಾದ ಪ್ರಶ್ನೆಯೇ, ಅದರಲ್ಲಿ ತಪ್ಪಿಲ್ಲ.

ನಾವು ಫೋನಿನ ಸುತ್ತ ಕೂತಿದ್ದೆವು. ಎರಡನೆಯ ಬ್ಲಾಕಿನ ಸೊಸೆ ಓದಿದಳು, ಓದಿದ ಗುರುತು ಬಂತು, ಸುಮ್ಮನಾದಳು. ಮೇಲಿನ ಮಹಡಿಯ ದಂಪತಿ ಓದಿದರು, ಸುಮ್ಮನಾದರು. ಮೂಲೆ ಮನೆಯ ವಕೀಲರು ಓದಿದರು. ಆ ಹೊತ್ತಿಗೆ ಅವರ ತಾಯಿಯ ತಲೆ ಬಾಚುತ್ತಿದ್ದವಳು ನಮ್ಮವಳೇ. ಒಬ್ಬರಾದರೂ ಹೌದು ಎಂದು ಒಂದು ಅಕ್ಷರ ಒತ್ತಲಿಲ್ಲ. ಎಲ್ಲರ ಬಾಯಿಗೂ ಬೀಗ. ಪ್ರತಿಯೊಬ್ಬನಿಗೂ ತನ್ನ ಮನೆಯಲ್ಲಿ ಮಾತ್ರ ಹೀಗೆ, ಉಳಿದವರೆಲ್ಲ ಕೈಯಾರೆ ತೊಳೆದು ತಿನ್ನಿಸುತ್ತಿದ್ದಾರೆ ಎಂಬ ನಾಚಿಕೆ. ಎಲ್ಲರ ಮನೆಗೂ ನಮ್ಮ ಹೆಂಗಸರೇ ಹೋಗಿ ಬರುವುದು ನಮಗೆ ಮಾತ್ರ ಗೊತ್ತು.

ಆಮೇಲೆ ಪಿತೃಭಕ್ತ ಬರೆದ. 'ದೇವರ ದಯೆಯಿಂದ ನಮ್ಮ ಮನೆಯಲ್ಲಿ ಹೊರಗಿನವರ ಅಗತ್ಯ ಬಿದ್ದಿಲ್ಲ. ತಂದೆಯನ್ನು ನಾನೇ ನೋಡಿಕೊಳ್ಳುತ್ತೇನೆ. ಗುರುತು ಪರಿಚಯ ಇಲ್ಲದವರನ್ನು ಒಳಗೆ ಬಿಟ್ಟುಕೊಳ್ಳುವ ಮುಂಚೆ ಎಲ್ಲರೂ ಯೋಚಿಸಬೇಕು.'

ಅಡ್ಮಿನ್ ಸಾಹೇಬರಿಗೆ ಅಷ್ಟೇ ಸಾಕಾಯಿತು. ಯಾರೂ ಜವಾಬ್ದಾರಿ ತೆಗೆದುಕೊಳ್ಳದ ವ್ಯಾಪಾರಸ್ಥರಿಗೆ ಗ್ರೂಪಿನಲ್ಲಿ ಜಾಗವಿಲ್ಲ ಎಂದು ಬರೆದು ಅಕ್ಕನನ್ನು ತೆಗೆದುಹಾಕಿದರು. ಈ ಅಡ್ಮಿನ್‌ಗಳದ್ದೇ ಒಂದು ಗ್ರೂಪಿದೆ. ಅಲ್ಲಿ ಈ ಮಾತು ಹೋದರೆ ಸುತ್ತಲಿನ ಎಲ್ಲ ಬಾಗಿಲೂ ಮುಚ್ಚುತ್ತವೆ, ಕಾಯುತ್ತ ಕೂತ ಹೆಂಗಸರು ಮನೆಗೆ ಹೋಗಬೇಕಾಗುತ್ತದೆ. ಅಕ್ಕನ ಮಗಳು ಅಳಲಿಲ್ಲ, ಆದರೆ ಮುಖ ಕೆಂಪಾಯಿತು. ಉದ್ದಮ್ಮ ಆಗತಾನೇ ಆ ಪಿತೃಭಕ್ತನ ಮನೆಯಿಂದಲೇ ಕೆಲಸ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಳು. ಓದಿ ಹೇಳಿದಾಗ ಲೋಟ ಕೆಳಗಿಟ್ಟಳು.

"ಹೊರಗಿನವರು ಅಂದ್ರೆ ಯಾರು? ಬೆಳಿಗ್ಗೆ ಅವನ ಸೋದರತ್ತೆ ಆಗಿದ್ದೆ ನಾನು" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ನಾನಿನ್ನೂ ಆ ಗ್ರೂಪಿನಲ್ಲಿದ್ದೆ. ಸಾಮಾನು ಸಾಗಿಸುವವನೆಂದು ಯಾವ ಕಾಲದಲ್ಲೋ ಸೇರಿಸಿದ್ದರು, ಮರೆತಿದ್ದರು. ಫೋನು ತೆಗೆದು ಒಂದೊಂದೇ ಅಕ್ಷರ ಒತ್ತತೊಡಗಿದೆ. ಯಾವ ಬ್ಲಾಕು, ಯಾವ ಮಹಡಿ, ಯಾರ ತಾಯಿ, ಯಾರ ತಂದೆ, ಯಾರು ತೊಳೆಯುತ್ತಾರೆ, ಯಾರು ಹೊರಳಿಸುತ್ತಾರೆ. ಪಿತೃಭಕ್ತನನ್ನು ಕೊನೆಗೆ ಇಟ್ಟುಕೊಂಡೆ, ಅವನಿಗೆಂದು ಬೇರೆ ಮಾತುಗಳಿದ್ದವು, ಇಲ್ಲಿ ಬರೆಯುವಂಥವಲ್ಲ.

"ಏನೋ ಅದು?" ಅಂದಳು ಅಕ್ಕ.

"ಎಲ್ಲರ ಬಣ್ಣ ಬಯಲಿಗೆ ಬರ್ಲಿ ಅಂತ."

"ಅಳಿಸು."

"ಅಕ್ಕ, ನಿನ್ನ ಮುಖಕ್ಕೆ ಉಗಿದಿದಾರೆ. ಒರೆಸಿಕೊಂಡು ಕೂರ್ತೀಯಾ?"

"ಅಳಿಸು ಅಂದೆ. ಅವರ ಮನೇಲಿ ಮಲಗಿರೋರ ಹೆಸರು ಬೀದಿಗೆ ಎಳೀಬೇಡ. ಯಾರ ಬಟ್ಟೆ ಒದ್ದೆ ಆಗುತ್ತೆ ಅನ್ನೋದನ್ನ ಊರಿಗೆಲ್ಲ ಹೇಳೋಕೆ ನಾನು ಈ ಕೆಲಸ ಹಿಡೀಲಿಲ್ಲ. ಆ ಅಜ್ಜ ನಿನಗೇನು ಮಾಡಿದಾರೆ? ಅವರೂ ಫೋಟೋ ಹಾಕಿದ್ರಾ?"

ನಾನು ಗೋಡೆಗೆ ಗುದ್ದಿದೆ. ಗೋಡೆಗೇನೂ ಆಗಲಿಲ್ಲ. ಅಕ್ಕ ಅಲ್ಲಿಯವರೆಗೂ ನನ್ನ ಕಡೆ ನೋಡಿರಲಿಲ್ಲ, ಆಗ ನೋಡಿದಳು. ಅವಳಿಗೂ ಸಿಟ್ಟು ಬಂದಿತ್ತು. ಅಕ್ಕನ ಸಿಟ್ಟು ನನ್ನ ಹಾಗೆ ಸದ್ದು ಮಾಡುವುದಿಲ್ಲ, ದನಿ ಇನ್ನೂ ತಣ್ಣಗಾಗುತ್ತದೆ.

"ತಪ್ಪು ನನ್ನದು ಕಣೋ. ಮೊದಲ್ನೇ ದಿನ ಆ ಬಾಗಿಲಲ್ಲಿ ಆಗ್ಲಿ ಬಿಡಿ ಅಂದ್ನಲ್ಲ, ಅಲ್ಲೇ ಕೆಟ್ಟಿದ್ದು. ನಾನೇ ನಮ್ಮವರನ್ನ ಬಚ್ಚಿಟ್ಟೆ. ಈಗ ಯಾರೂ ಕಂಡಿಲ್ಲ ಅಂದ್ರೆ ಅಳ್ತಾ ಕೂರೋದ್ಯಾಕೆ?" ಆಮೇಲೆ ಮಗಳ ಕಡೆ ತಿರುಗಿ, "ಕೋಟೆಲ್ಲ ಇಸ್ತ್ರಿಗೆ ಕೊಡು" ಅಂದಳು.

"ಯಾಕಮ್ಮ?"

"ಒಳಗೆ ನಡೆಯೋದು ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ನನ್ನ ಹೆಂಗಸರು ಬಟ್ಟೆ ಬಚ್ಚಿಟ್ಕೊಂಡು ಓಡಾಡ್ತಾರೆ ಅಂತ ಯಾರಿಗೂ ಮಾತು ಕೊಟ್ಟಿಲ್ಲ."

ಸಂಜೆಯೇ ಅಕ್ಕ ಪ್ರತಿ ಮನೆಗೂ ಫೋನು ಮಾಡಿದಳು. ಬೆನ್ನ ಹಿಂದಿನಿಂದ ಏನೂ ಮಾಡುವವಳಲ್ಲ ಅವಳು. ನಾಳೆಯಿಂದ ನಮ್ಮವರು ಕೋಟು ಹಾಕಿಕೊಂಡೇ ಬರುತ್ತಾರೆ, ಗೇಟಿನಲ್ಲಿ ಕೇಳಿದರೆ ಆರೈಕೆಯವರು ಅನ್ನುತ್ತಾರೆ, ನೆಂಟರು ಅನ್ನುವುದಿಲ್ಲ, ಬೇಡ ಎನ್ನುವವರು ಈಗಲೇ ಹೇಳಿಬಿಡಿ. ಕೆಲವರು ಹೂಂ ಅಂದರು. ಕೆಲವರು ಬೇಡಿಕೊಂಡರು. ವಕೀಲರು ಕಾನೂನು ಹೇಳಿದರು. ಪಿತೃಭಕ್ತ ಫೋನು ಎತ್ತಲಿಲ್ಲ. ಅವನಿಗೆ ಅಕ್ಕ ಅದೇ ಮಾತನ್ನು ದನಿಯಲ್ಲಿ ಕಳಿಸಿದಳು, ಕೇಳಿದ ಗುರುತೂ ಬಂತು.

ಬೆಳಿಗ್ಗೆ ನಾನೂ ಗೇಟಿನ ಆಚೆ ನಿಂತಿದ್ದೆ. ಹೆಂಗಸರು ಒಟ್ಟಾಗಿ ಬಂದರು. ಜನರೇಟರ್ ಶೆಡ್ಡಿನ ಕಡೆಗೆ ಅಭ್ಯಾಸಬಲದಿಂದ ತಿರುಗಿದ ಒಬ್ಬಳನ್ನು ಉದ್ದಮ್ಮ ತೋಳು ಹಿಡಿದು ಈಚೆ ಎಳೆದಳು. ಇಸ್ತ್ರಿ ಮಾಡಿದ ನೇರಳೆ ಕೋಟುಗಳು, ಬಿಸಿಲು ಬಿದ್ದು ಇನ್ನೂ ಗಾಢವಾಗಿ ಕಾಣುತ್ತಿದ್ದವು. ವಾಚ್‌ಮನ್ ಎದ್ದು ನಿಂತ.

"ಇದೇನು, ನಮ್ಮ ನೆಂಟರೆಲ್ಲ ಪೊಲೀಸ್ ಸೇರಿದ್ರಾ?"

"ನೆಂಟಸ್ತನ ನಿನ್ನೆಗೆ ಮುಗೀತು. ಆರೈಕೆಯವರು ಅಂತ ಬರ್ಕೋ" ಅಂದಳು ಉದ್ದಮ್ಮ.

"ಹಂಗಾದ್ರೆ ನಂಗೊಬ್ಬಳು ತಂಗಿ ತಪ್ಪಿದ್ಲು."

"ನಿನಗೆ ಬೇಕಾದ್ರೆ ಹಂಗೇ ಇರ್ತೀನಿ, ಗೇಟು ತೆಗಿ."

ಅವರು ಒಳಗೆ ಹೋದರು. ಪಾರ್ಕಿಂಗ್ ದಾಟಿ, ಮಕ್ಕಳನ್ನು ಶಾಲೆ ಬಸ್ಸಿಗೆ ಬಿಡಲು ನಿಂತ ತಾಯಂದಿರ ನಡುವೆಯೇ ಹಾದು, ಒಬ್ಬೊಬ್ಬರು ಒಂದೊಂದು ಬ್ಲಾಕಿಗೆ ತಿರುಗಿದರು. ಬಾಲ್ಕನಿಗಳಲ್ಲಿ ಜನ. ಒಂದೇ ಕಾರಿಡಾರಿನಲ್ಲಿ ಎದುರುಬದುರು ಎರಡು ಮನೆಗಳ ಕರೆಗಂಟೆ ಒಟ್ಟಿಗೆ ಹೊಡೆದುಕೊಂಡವಂತೆ. ಬಾಗಿಲು ತೆಗೆದ ಇಬ್ಬರು ಸೊಸೆಯಂದಿರು ಮೊದಲು ಕೋಟು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು, "ನಿಮ್ಮಲ್ಲೂನಾ?" ಅಂದಳಂತೆ. ಇನ್ನೊಬ್ಬಳು ತಲೆಯಾಡಿಸಿದಳಂತೆ. ಅಷ್ಟು ದಿನ ಬಾಗಿಲಿಗೆ ಬಾಗಿಲು ಎದುರಿದ್ದರೂ ಅವರು ಈ ಮಾತು ಆಡಿರಲಿಲ್ಲ.

ಗ್ರೂಪು ಜೇನುಗೂಡಾಯಿತು. ಯಾರು ಇವರು, ಯಾಕೆ ಬಂದಿದ್ದಾರೆ, ಯಾರು ಒಳಗೆ ಬಿಟ್ಟರು. ಅಡ್ಮಿನ್ ಸಾಹೇಬರು ವಿಷಯಾಂತರ ಬೇಡ ಎಂದು ಎಚ್ಚರಿಸಿದರು. ಅಷ್ಟರಲ್ಲಿ ಎರಡನೆಯ ಬ್ಲಾಕಿನ ಸೊಸೆ ಬರೆದಳು. 'ನೇರಳೆ ಕೋಟಿನವರು ನಮ್ಮ ಮನೆಗೆ ಬರುತ್ತಾರೆ. ಬಹಳ ದಿನದಿಂದ ಬರುತ್ತಿದ್ದಾರೆ. ಒಳ್ಳೆಯವರು.' ಸ್ವಲ್ಪ ಹೊತ್ತಿನ ಮೇಲೆ ಮೇಲಿನ ಮಹಡಿಯವರು, 'ನಮ್ಮಲ್ಲಿಗೂ' ಎಂದರು. ವಕೀಲರು ಏನೂ ಬರೆಯಲಿಲ್ಲ, ಈವರೆಗೂ ಬರೆದಿಲ್ಲ. ಸೊಂಟ ಮುರಿದ ತಾಯಿಯ ಮಗಳು ಗ್ರೂಪಿನಲ್ಲಿ ಕೇಳುವುದನ್ನು ಬಿಟ್ಟು ಕೆಳಗಿಳಿದು ಬಂದು, ಎದುರು ಸಿಕ್ಕಿದ ಕೋಟಿನ ಮೇಲಿನ ನಂಬರು ನೋಡಿ ಅಕ್ಕನಿಗೆ ಫೋನು ಮಾಡಿದಳು. ಗಾರ್ಮೆಂಟ್ಸಿನವಳು ಅದೇ ದಿನ ಆ ಮನೆಗೆ ಹೋದಳು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಮನೆಯವರು ನಮ್ಮನ್ನು ಬಿಡಿಸಿದರು. ಪಿತೃಭಕ್ತ ಬಾಗಿಲು ತೆಗೆದವನೇ ಕೋಟು ನೋಡಿ ಉದ್ದಮ್ಮನನ್ನು ಹೊಸ್ತಿಲಲ್ಲೇ ನಿಲ್ಲಿಸಿದ. ಆಮೇಲೆ ಅಕ್ಕನಿಗೆ ಫೋನು ಮಾಡಿ ಕೂಗಾಡಿದ. ನನ್ನ ಮರ್ಯಾದೆ ತೆಗೆದಿರಿ ಎಂದ.

"ನಿಮ್ಮ ಮನೆ ವಿಷಯ ನಾನು ಯಾರ ಹತ್ರಾನೂ ಆಡಿಲ್ಲ ಸಾರ್" ಅಂದಳು ಅಕ್ಕ. "ನಮ್ಮವಳು ಬಟ್ಟೆ ಹಾಕ್ಕೊಂಡು ಬಂದಿದಾಳೆ, ಅಷ್ಟೇ."

"ಕೋಟು ತೆಗೆದ್ರೆ ಒಳಗೆ ಬರ್ಲಿ, ಇಲ್ದಿದ್ರೆ ನಾಳೆಯಿಂದ ಬೇಡ."

"ಬೇಡ ಅಂದ್ರೆ ಬೇಡ. ತಂದೆಯವರನ್ನ ಬಲಮಗ್ಗುಲಿಗೆ ಹೊರಳಿಸುವಾಗ ಬಲಗೈ ಮೈ ಕೆಳಗೆ ಸಿಕ್ಕೊಳ್ಳದಂಗೆ ನೋಡ್ಕೊಳ್ಳಿ. ಆ ಕೈಗೆ ನೋವು ಗೊತ್ತಾಗಲ್ಲ."

ಅಕ್ಕ ಫೋನಿಟ್ಟಳು. ಉದ್ದಮ್ಮ ಮೂಲೆಯಲ್ಲಿ ಕೂತು ಬೈಯುತ್ತಿದ್ದಳು. ಯಾರನ್ನು ಬೈಯುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲ. "ಅವರು ಬೇರೆ ಯಾರ ಕೈಯಲ್ಲೂ ಬಾಯಿ ತೆಗೆಯಲ್ಲ" ಎಂದು ನಡುನಡುವೆ ಅನ್ನುತ್ತಿದ್ದಳು. ನಮ್ಮ ಕೋಟಿನ ಬೆಲೆ ಒಬ್ಬ ಮುದುಕರ ಊಟ ಆಯಿತಲ್ಲ ಎಂದು ನನಗೂ ಅನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಆ ಬೆಲೆ ಹಾಕಿದವರು ನಾವಲ್ಲ.

ಕೆಲವು ದಿನ ಕಳೆದ ಮೇಲೆ ನನ್ನ ಫೋನು ಬಡಿಯಿತು. ಪಿತೃಭಕ್ತ.

"ಲಿಫ್ಟ್ ಕೆಟ್ಟಿದೆ. ತಂದೆಯವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಸರಿಯಾಗಿ ಊಟ ಮಾಡ್ತಿಲ್ಲ. ನೀವೊಬ್ರೇ ಬನ್ನಿ. ಅದು... ಆ ಕೋಟು ಹಾಕ್ಕೊಂಡು ಬರ್ಬೇಡಿ."

ನಾನು ಕೋಟು ಹಾಕುವವನೇ ಅಲ್ಲ. ಮಗಳು ನನಗೂ ಒಂದು ಹೊಲಿಸಿದ್ದಳು, ಹೊಟ್ಟೆಯ ಹತ್ತಿರ ಗುಂಡಿ ಕೂರುತ್ತಿರಲಿಲ್ಲ, ಬೀರುವಿನಲ್ಲಿ ಬಿದ್ದಿತ್ತು. ಅವನು ಬೇಡ ಎಂದದ್ದೇ ತಡ, ತೆಗೆದು ಹಾಕಿಕೊಂಡೆ. ಕೆಳಗಿನ ಎರಡು ಗುಂಡಿ ಬಿಟ್ಟೆ. ಕನ್ನಡಿಯಲ್ಲಿ ಬದನೆಕಾಯಿಯ ಹಾಗೆ ಕಂಡೆ. ಹಾಗೇ ಹೊರಟೆ.

ಬಾಗಿಲು ತೆಗೆದವನು ನನ್ನನ್ನು ನೋಡಿ ಬಾಯಿ ತೆರೆದ. ಒಳಗಿನಿಂದ ಮುದುಕರು ಏನೋ ಸದ್ದು ಮಾಡಿದರು. ಅವನು ಬಾಯಿ ಮುಚ್ಚಿದ.

ಮುದುಕರು ತೆಳ್ಳಗಾಗಿದ್ದರು. ಕುರ್ಚಿಯಲ್ಲಿ ಕೂರಿಸಿ, ಎದೆಗೆ ಬಟ್ಟೆ ಕಟ್ಟಿ, ಬಲಗೈಯನ್ನು ತೊಡೆಯ ಮೇಲೆ ಇಟ್ಟೆ. ಆಮೇಲೆ ಮಗನ ಕಡೆ ತಿರುಗಿದೆ.

"ಕುರ್ಚಿ ಮುಂದಿನ ಕಾಲು ಹಿಡ್ಕೊಳ್ಳಿ ಸಾರ್."

"ನಾನಾ?"

"ತಂದೆಯನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಬರ್ದಿದ್ರಲ್ಲ. ಹಿಡೀರಿ."

ಹಿಡಿದ. ಇಳಿಯತೊಡಗಿದೆವು. ಮೊದಲ ತಿರುವಿನಲ್ಲೇ ಅವನ ಅಂಗಿ ಬೆನ್ನಿಗೆ ಅಂಟಿತು. ಎರಡನೆಯ ತಿರುವಿನಲ್ಲಿ ಕುರ್ಚಿ ಗೋಡೆಗೆ ಉಜ್ಜಿತು. "ಹುಷಾರು" ಅಂದೆ ನಾನು. ಮುದುಕರು ಆಡುವ ಎಡಗೈಯಿಂದ ನನ್ನ ಕೋಟಿನ ತೋಳು ಹಿಡಿದುಕೊಂಡಿದ್ದರು. ಮೆಟ್ಟಿಲಲ್ಲಿ ಎದುರಾದವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು, ಕೋಟು ನೋಡಿದರು, ಅವನನ್ನೂ ನೋಡಿದರು.

ಗೇಟಿನಲ್ಲಿ ಕುರ್ಚಿ ಇಳಿಸಿದಾಗ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ವಾಚ್‌ಮನ್ ಪೆನ್ನು ಹಿಡಿದು ಬಂದ. ಅವನಿಗೆ ನಾನು ಯಾರೆಂದು ಗೊತ್ತಿಲ್ಲವೇ? ಆದರೂ ಮುಖ ಗಂಟಿಕ್ಕಿಕೊಂಡು ಕೇಳಿದ.

"ಸಾರ್, ಇವರು ನಿಮಗೇನಾಗ್ಬೇಕು? ನೆಂಟರಾ?"

ಸುತ್ತ ಜನ ನಿಂತಿದ್ದರು. ಅಡ್ಮಿನ್ ಸಾಹೇಬರೂ ವಾಕಿಂಗ್ ಕೋಲು ಹಿಡಿದು ಅಲ್ಲೇ ಇದ್ದರು. ಪಿತೃಭಕ್ತ ನನ್ನ ಎದೆಯ ಮೇಲಿನ ಬಿಳಿ ಅಕ್ಷರ ನೋಡಿದ, ಅಪ್ಪನ ಕೈ ಇನ್ನೂ ನನ್ನ ತೋಳು ಹಿಡಿದಿರುವುದನ್ನು ನೋಡಿದ.

"ಅಲ್ಲ" ಅಂದ, ನೆಲ ನೋಡುತ್ತ. "ಅಪ್ಪನ್ನ ನೋಡ್ಕೊಳ್ಳೋರು."

"ಜೋರಾಗಿ ಹೇಳಿ ಸಾರ್, ಕಿವಿ ಮಂದ" ಅಂದ ವಾಚ್‌ಮನ್.

"ಅಪ್ಪನ್ನ ನೋಡ್ಕೊಳ್ಳೋರು."

ವಾಚ್‌ಮನ್ ಬರೆದುಕೊಂಡ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಇಷ್ಟು ಚಿಕ್ಕ ಮಾತನ್ನು ಅವತ್ತು ಫೋನಿನಲ್ಲಿ ಬೆರಳಿನಿಂದ ಒತ್ತಿದ್ದರೆ ಆ ಮುದುಕರು ಇಷ್ಟು ಹಗುರ ಆಗುತ್ತಿರಲಿಲ್ಲ.

ಸಂಜೆ ಅವನು ಅಕ್ಕನಿಗೆ ಫೋನು ಮಾಡಿದ. ಅಕ್ಕ ಕೇಳಿಸಿಕೊಂಡಳು, ಒಂದೇ ಮಾತು ಅಂದಳು.

"ಕೋಟು ಹಾಕ್ಕೊಂಡೇ ಬರ್ತಾಳೆ."

ಬೆಳಿಗ್ಗೆ ಉದ್ದಮ್ಮ ಎಂದಿಗಿಂತ ಬೇಗ ಎದ್ದು ಬಂದಳು. ಕೋಟಿನ ಮೇಲೆ ಅಂಟಿದ್ದ ದಾರದ ಎಳೆ ಕಿತ್ತು, ಮೊಣಕೈಯವರೆಗೆ ತೋಳು ಮಡಚಿ, ಸುಟ್ಟ ಗಾಯ ಕಾಣುವ ಹಾಗೆ ಬಿಟ್ಟುಕೊಂಡು ಹೊರಟಳು.